ಕ್ಲಬ್ಬಿಗೊಂದು ಗೂಗಲ್ ಕ್ಯಾಲೆಂಡರ್: "ನಾಳೆ ಗ್ರೌಂಡ್ ಯಾರದ್ದು" ಅನ್ನೋ ಗಲಾಟೆ ಮುಗ್ಸೋದು ಹೇಗೆ

ಏರಿಯಾದಲ್ಲಿ ಸ್ಪೋರ್ಟ್ಸ್ ಕ್ಲಬ್ ನಡೆಸ್ತಿರೋರಿಗೆಲ್ಲಾ ಇದು ಗೊತ್ತಿರೋದೇ. ರಾತ್ರಿ ಹತ್ತೂವರೆಗೆ ಗ್ರೂಪಲ್ಲಿ "ನಾಳೆ ಆಟ ಇದ್ಯಾ?" ಅಂತ ಒಂದು ಮೆಸೇಜ್ ಬೀಳತ್ತೆ, ನಾಲ್ಕು ಜನ ಥಂಬ್ಸ್ ಅಪ್ ಹಾಕ್ತಾರೆ, ಒಬ್ರು ಗುಡ್ ನೈಟ್ ಫೋಟೋ ಹಾಕ್ತಾರೆ, ಉತ್ತರ ಮಾತ್ರ ಯಾರೂ ಕೊಡಲ್ಲ. ಬೆಳಗ್ಗೆ ಎದ್ದು ಬಾಲ್ ಹಿಡ್ಕೊಂಡು ಹೋದ್ರೆ ಶಾಲೆಯವರು ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ಟ್ರ್ಯಾಕಿಗೆ ಸುಣ್ಣ ಹಾಕ್ತಿರ್ತಾರೆ. ವಾಟ್ಸಾಪ್ ಹರಟೆಗೆ ಚೆನ್ನಾಗಿದೆ, ಟೈಮ್‌ಟೇಬಲ್ ಇಡೋಕೆ ಆಗಿಬರಲ್ಲ. ಅದಕ್ಕೆ ಗೂಗಲ್ ಕ್ಯಾಲೆಂಡರ್ ಇದೆ, ದುಡ್ಡು ಕೊಡ್ಬೇಕಿಲ್ಲ, ಆಂಡ್ರಾಯ್ಡ್ ಫೋನ್ ಇರೋರ ಹತ್ರ ಜಿಮೇಲ್ ಅಂತೂ ಇದ್ದೇ ಇರತ್ತೆ.

ಶುರು ಮಾಡೋಕ್ ಮುಂಚೆ ಒಂದು ವಿಷಯ ತೀರ್ಮಾನ ಮಾಡ್ಕೊಳಿ. ಸುಮಾರು ಜನ ಟೀಮಿಗೊಂದು ಕ್ಯಾಲೆಂಡರ್ ಮಾಡ್ತಾರೆ, ವಾಲಿಬಾಲ್‌ಗೆ ಒಂದು, ಕಬಡ್ಡಿಗೆ ಒಂದು, ಮಕ್ಕಳ ಖೋಖೋಗೆ ಒಂದು ಅಂತ. ನನ್ ಪ್ರಕಾರ ಅದು ಉಲ್ಟಾ. ಜಗಳ ಆಗೋದು ಟೀಮಿಗಲ್ಲ, ಜಾಗಕ್ಕೆ. ಹಂಗಾಗಿ ಜಾಗಕ್ಕೊಂದು ಕ್ಯಾಲೆಂಡರ್ ಮಾಡಿ: "ಶಾಲೆ ಗ್ರೌಂಡ್", "ಶಟಲ್ ಕೋರ್ಟ್", ಅಷ್ಟೇ. ಒಂದೇ ಗ್ರೌಂಡಿನ ಕ್ಯಾಲೆಂಡರಲ್ಲಿ ಸಂಜೆ 5 ಗಂಟೆಗೆ ಎರಡು ಬ್ಯಾಚ್ ಬಿದ್ರೆ ಪಕ್ಕಪಕ್ಕ ಎರಡು ಡಬ್ಬಿ ಕಾಣತ್ತೆ, ತಕ್ಷಣ ಗೊತ್ತಾಗತ್ತೆ. ಟೀಮಿಗೊಂದು ಮಾಡಿದ್ರೆ ಒಬ್ಬರದ್ದು ಇನ್ನೊಬ್ಬರಿಗೆ ಕಾಣೋದೇ ಇಲ್ಲ. ನೆನಪಿಟ್ಕೊಳಿ, ಡಬಲ್ ಬುಕಿಂಗ್ ಆದ್ರೆ ಗೂಗಲ್ ತಡೆಯಲ್ಲ, ತೋರಿಸತ್ತೆ ಅಷ್ಟೇ, ತಡೆಯೋದು ನಿಮ್ ಕೆಲಸ.

ಆಮೇಲೆ ಅಕೌಂಟು. ಸೆಕ್ರೆಟರಿ ಪರ್ಸನಲ್ ಜಿಮೇಲಲ್ಲಿ ಮಾಡ್ಬೇಡಿ ಪ್ಲೀಸ್. ವರ್ಷ ಕಳೆದು ಜನರಲ್ ಬಾಡಿ ಮೀಟಿಂಗಲ್ಲಿ ಸೆಕ್ರೆಟರಿ ಬದಲಾಗ್ತಾರೆ, ಕ್ಯಾಲೆಂಡರ್ ಅವರ ಜೊತೇಲೇ ಉಳ್ಕೊಳತ್ತೆ, ಮನಸ್ತಾಪ ಏನಾದ್ರೂ ಇದ್ರಂತೂ ಕಥೆ ಮುಗೀತು. ಕ್ಲಬ್ ಹೆಸರಲ್ಲೇ ಒಂದು ಹೊಸ ಜಿಮೇಲ್ ಮಾಡಿ, ಪಾಸ್‌ವರ್ಡ್ ಸೆಕ್ರೆಟರಿ ಮತ್ತೆ ಖಜಾಂಚಿ ಇಬ್ಬರ ಹತ್ರ ಇರ್ಲಿ, ಓಟಿಪಿ ಬರೋ ಫೋನ್ ನಂಬರನ್ನ ಪದಾಧಿಕಾರಿಗಳು ಬದಲಾದಾಗ ಅದೇ ದಿನ ಬದಲಾಯಿಸಿ. ಚಾರ್ಜ್ ವಹಿಸಿಕೊಡೋವಾಗ ರಸೀದಿ ಪುಸ್ತಕ, ಸ್ಟೋರ್ ರೂಮ್ ಕೀ ಜೊತೆ ಇದನ್ನೂ ಕೊಡೋದು ಅಂತ ರೂಢಿ ಮಾಡ್ಕೊಳಿ.

ಹೊಸ ಕ್ಯಾಲೆಂಡರನ್ನ ಕಂಪ್ಯೂಟರಲ್ಲೇ ಮಾಡಿ, ಮೊಬೈಲ್ ಆ್ಯಪಲ್ಲಿ ಹುಡುಕ್ತಾ ಕೂರ್ಬೇಡಿ. ಕಂಪ್ಯೂಟರಲ್ಲಿ ಗೂಗಲ್ ಕ್ಯಾಲೆಂಡರ್ ಓಪನ್ ಮಾಡಿದ್ರೆ ಎಡಗಡೆ ಕೆಳಗೆ "ಅದರ್ ಕ್ಯಾಲೆಂಡರ್ಸ್" ಅಂತಿರತ್ತೆ, ಪಕ್ಕದಲ್ಲಿರೋ ಪ್ಲಸ್ ಒತ್ತಿ "ಕ್ರಿಯೇಟ್ ನ್ಯೂ ಕ್ಯಾಲೆಂಡರ್", ಹೆಸರು ಕನ್ನಡದಲ್ಲೇ ಕೊಡಬಹುದು, ಟೈಮ್ ಝೋನ್ ಇಂಡಿಯಾದ್ದೇ ಇದೆಯಾ ಒಂದ್ಸಲ ನೋಡ್ಕೊಳಿ.

ಈಗ ಶೇರಿಂಗ್. ಕ್ಯಾಲೆಂಡರ್ ಹೆಸರಿನ ಪಕ್ಕ ಇರೋ ಮೂರು ಚುಕ್ಕಿ ಒತ್ತಿ ಸೆಟ್ಟಿಂಗ್ಸಿಗೆ ಹೋದ್ರೆ ಯಾರಿಗೆ ಏನು ಪರ್ಮಿಶನ್ ಅಂತ ಕೇಳತ್ತೆ. ನಾಲ್ಕು ಥರ ಇದೆ: ಬರೀ ಬಿಝಿನಾ ಫ್ರೀನಾ ಅಂತ ನೋಡೋದು, ಪೂರ್ತಿ ವಿವರ ನೋಡೋದು, ಬದಲಾವಣೆ ಮಾಡೋದು, ಬದಲಾವಣೆ ಜೊತೆಗೆ ಶೇರಿಂಗನ್ನೂ ನೋಡ್ಕೊಳೋದು. ಆಟಗಾರರಿಗೆಲ್ಲಾ ಎರಡನೇದು, ವಿವರ ನೋಡೋದು, ಅಷ್ಟೇ ಸಾಕು. ಬದಲಾವಣೆ ಮಾಡೋ ಪರ್ಮಿಶನ್ ಕೋಚ್, ಸೆಕ್ರೆಟರಿ, ಇನ್ನೊಬ್ಬರು ಯಾರಾದ್ರೂ, ಅಲ್ಲಿಗೆ ನಿಲ್ಸಿ. "ನಾನು ಹಳೇ ಮೆಂಬರ್ರು, ನಂಗೂ ಕೊಡ್ರೀ" ಅಂತ ಒಬ್ರು ಬಂದೇ ಬರ್ತಾರೆ, ನಗ್ತಾ ನಗ್ತಾ ಇಲ್ಲ ಅನ್ನಿ. ಎಲ್ಲರ ಕೈಗೂ ಕೊಟ್ರೆ ಯಾರೋ ಬಸ್ಸಲ್ಲಿ ಕೂತು ಬೆರಳು ತಾಗಿಸಿ ಭಾನುವಾರದ ಮ್ಯಾಚನ್ನ ಮಂಗಳವಾರಕ್ಕೆ ಎಳ್ದಿರ್ತಾರೆ, ಯಾರು ಅಂತ ಕೇಳಿದ್ರೆ ಎಲ್ಲರೂ ಆಕಾಶ ನೋಡ್ತಾರೆ. ಡಿಲೀಟ್ ಆಗಿದ್ರೆ ಗಾಬರಿ ಬೇಡ, ಟ್ರ್ಯಾಶಲ್ಲಿ 30 ದಿನ ಇರತ್ತೆ, ವಾಪಸ್ ತರಬಹುದು.

ಶೇರ್ ಮಾಡಿದ ತಕ್ಷಣ ಅವರ ಫೋನಲ್ಲಿ ತಾನಾಗೇ ಬಂದ್ಬಿಡತ್ತೆ ಅಂತ ಅಂದ್ಕೋಬೇಡಿ. ಈಮೇಲ್ ಹೋಗತ್ತೆ, ಅದ್ರಲ್ಲಿರೋ ಲಿಂಕ್ ಒತ್ತಿ ಆಡ್ ಮಾಡ್ಕೋಬೇಕು, ಆಮೇಲೂ ಕಾಣ್ಲಿಲ್ಲ ಅಂದ್ರೆ ಆ್ಯಪಿನ ಮೂರು ಗೆರೆ ಮೆನುವಲ್ಲಿ ಆ ಕ್ಯಾಲೆಂಡರ್ ಮುಂದೆ ಟಿಕ್ ಇದೆಯಾ ನೋಡ್ಬೇಕು. ನಮ್ಮಲ್ಲಿ ಈಮೇಲ್ ಯಾರು ನೋಡ್ತಾರೆ ಹೇಳಿ, ಜಿಮೇಲ್ ಇರೋದು ಪ್ಲೇ ಸ್ಟೋರಿಗೆ. ಅದಕ್ಕೆ ಒಂದಿನ ಆಟ ಮುಗಿದ್ಮೇಲೆ ಟೀ ಕುಡೀವಾಗ ಎಲ್ಲರ ಫೋನ್ ಇಸ್ಕೊಂಡು ನೀವೇ ಕೂತು ಮಾಡ್ಕೊಡಿ, ಅದೇ ಶಾರ್ಟ್‌ಕಟ್.

ಅದೇ ಟೈಮಲ್ಲಿ ನೋಟಿಫಿಕೇಶನ್ ಕೂಡ ಸೆಟ್ ಮಾಡಿ, ಯಾಕಂದ್ರೆ ಇಲ್ಲೇ ಜಾಸ್ತಿ ಜನ ಎಡವೋದು. ಕೋಚ್ ತಮ್ ಫೋನಲ್ಲಿ "1 ಗಂಟೆ ಮುಂಚೆ ನೆನಪಿಸು" ಅಂತ ಹಾಕಿದ್ರೆ ಅದು ಅವರಿಗೆ ಮಾತ್ರ. ಪ್ರತಿಯೊಬ್ರೂ ಅವರವರ ಫೋನಲ್ಲಿ ಆ ಕ್ಯಾಲೆಂಡರಿನ ಸೆಟ್ಟಿಂಗ್ಸಿಗೆ ಹೋಗಿ ಹಾಕ್ಕೋಬೇಕು. ಬೆಳಗಿನ ಬ್ಯಾಚಿನೋರು ಹಿಂದಿನ ರಾತ್ರಿ ಬರೋ ಹಂಗೆ, ಅಂದ್ರೆ 9 ಗಂಟೆ ಮುಂಚೆ ಅಂತ ಇಟ್ಕೊಂಡ್ರೆ ಒಳ್ಳೇದು. "ಡೈಲಿ ಅಜೆಂಡಾ" ಅಂತ ದಿನಾ ಒಂದು ಈಮೇಲ್ ಬರೋ ಸೌಲಭ್ಯನೂ ಇದೆ, ಆದ್ರೆ ಅದು ಬರೋದು ಬೆಳಗ್ಗೆ 5ಕ್ಕೆ, 5:30ಕ್ಕೆ ಶಟಲ್ ಆಡೋರಿಗೆ ಅದ್ರಿಂದ ಏನೂ ಪ್ರಯೋಜನ ಇಲ್ಲ.

ದಿನನಿತ್ಯದ ಪ್ರಾಕ್ಟೀಸಿಗೆ ರಿಪೀಟ್ ಹಾಕಿ, ಕಸ್ಟಮಲ್ಲಿ ಸೋಮ ಬುಧ ಶುಕ್ರ ಅಂತ ಆರಿಸ್ಕೊಂಡ್ರೆ ಆಯ್ತು. ಕೊನೆ ತಾರೀಕು ಕೊಡೋದು ಮರೀಬೇಡಿ, ನಾನಂತೂ ಫೆಬ್ರವರಿ ಕೊನೇಗೆ ನಿಲ್ಸಿ ಅಂತೀನಿ, ಮಾರ್ಚಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ ಅಂದ್ರೆ ಅರ್ಧ ಟೀಮೂ ಇರಲ್ಲ, ಶಾಲೆ ಗ್ರೌಂಡೂ ಸಿಗಲ್ಲ. ವರ್ಷದ ಶುರುವಲ್ಲೇ ಕೂತು ಗ್ರೌಂಡ್ ಸಿಗದೇ ಇರೋ ದಿನಗಳನ್ನ ಮೊದ್ಲು ತುಂಬಿ: ಆಗಸ್ಟ್ 15, ಜನವರಿ 26, ಗಣೇಶನ ಪೆಂಡಾಲ್ ಹಾಕಿರೋ ದಿನಗಳು, ಊರ ಹಬ್ಬ, ಶಾಲೆ ವಾರ್ಷಿಕೋತ್ಸವ. ಇದನ್ನ ಮಾಡೋಕೆ ಹೆಡ್‌ಮಾಸ್ಟರ್ ಹತ್ರ ಒಂದ್ಸಲ ಹೋಗಿ ಕೇಳ್ಬೇಕು, ಕೇಳಿದ್ರೆ ಅವರಿಗೂ ಖುಷಿ. ಮಳೆಗಾಲದ ಎಂಟ್ರಿಗಳ ಟೈಟಲಲ್ಲೇ "ಮಳೆ ಬಂದ್ರೆ ಇಂಡೋರ್" ಅಂತ ಬರೆದ್ಬಿಡಿ, ಆಮೇಲೆ ಫೋನ್ ಮಾಡಿ ಕೇಳೋದು ತಪ್ಪತ್ತೆ.

ಒಂದಿನ ಪ್ರಾಕ್ಟೀಸ್ ಇಲ್ಲ ಅಂದ್ರೆ ಆ ಎಂಟ್ರೀನ ಡಿಲೀಟ್ ಮಾಡ್ಬೇಡಿ. ಸುಮ್ನೆ ಕ್ಯಾಲೆಂಡರ್ ನೋಡೋ ಪರ್ಮಿಶನ್ ಇರೋರಿಗೆ, ಕ್ಯಾನ್ಸಲ್ ಈಮೇಲ್ ಅವರೇ ಆನ್ ಮಾಡ್ಕೊಂಡಿಲ್ಲ ಅಂದ್ರೆ, ಸುದ್ದೀನೇ ಹೋಗಲ್ಲ, ಮಾಯ ಆಗತ್ತೆ ಅಷ್ಟೇ. ಬದಲಿಗೆ ಟೈಟಲ್ ಮುಂದೆ "ರದ್ದು" ಅಂತ ಸೇರಿಸಿ, ಸೇವ್ ಮಾಡೋವಾಗ "ದಿಸ್ ಇವೆಂಟ್" ಆರಿಸಿ, "ಆಲ್ ಇವೆಂಟ್ಸ್" ಒತ್ತಿದ್ರೆ ಇಡೀ ಸೀಸನ್ನೇ ರದ್ದಾಗತ್ತೆ! ಹಿಂಗೆ ಮಾಡಿದ್ರೆ ಹಾಕಿಟ್ಟಿರೋ ರಿಮೈಂಡರ್ ಬಡ್ಕೊಂಡಾಗ "ರದ್ದು" ಅಂತಾನೇ ಬಡ್ಕೊಳತ್ತೆ.

ಮ್ಯಾಚಿಗೆ ಯಾರ್ಯಾರು ಬರ್ತಾರೆ ಅಂತ ತಿಳ್ಕೊಳೋಕೆ ಗೆಸ್ಟ್ ಆಗಿ ಸೇರಿಸಿ ಯೆಸ್, ನೋ ಕೇಳಬಹುದು, ಆದ್ರೆ ನಿಜ ಹೇಳ್ತೀನಿ, ಅದಕ್ಕೆ ವಾಟ್ಸಾಪ್ ಪೋಲೇ ವಾಸಿ. ಮ್ಯಾಚ್ ಎಂಟ್ರಿಯ ಡಿಸ್ಕ್ರಿಪ್ಶನಲ್ಲಿ ನೆಟ್ ಯಾರು ತರ್ತಾರೆ, ಸ್ಟೋರ್ ರೂಮ್ ಕೀ ಯಾರ ಹತ್ರ, ಎದುರು ಟೀಮ್ ಯಾವುದು ಅಂತ ಬರೀರಿ. ಲೊಕೇಶನ್ ಹಾಕಿದ್ರೆ ಮ್ಯಾಪಲ್ಲೇ ದಾರಿ ತೋರಿಸತ್ತೆ, ಬೇರೆ ಊರಿನ ಪಂದ್ಯಕ್ಕೆ ಇದು ತುಂಬಾ ಉಪಯೋಗ.

ರಾಜ್ಯೋತ್ಸವಕ್ಕೆ ಹೊನಲು ಬೆಳಕಿನ ಪಂದ್ಯಾವಳಿ ಮಾಡೋರು ಫೈನಲ್ ದಿನದಿಂದ ಹಿಂದಕ್ಕೆ ಎಣಿಸ್ಕೊಂಡು ಬನ್ನಿ. ಗ್ರೌಂಡ್ ಪರ್ಮಿಶನ್, ಪೊಲೀಸ್ ಸ್ಟೇಷನಲ್ಲಿ ಮೈಕ್ ಪರ್ಮಿಶನ್, ಲೈಟಿಗೆ ಟೆಂಪರರಿ ಕರೆಂಟ್ ಕನೆಕ್ಷನ್, ಕರಪತ್ರ ಪ್ರಿಂಟು, ಟೀಮ್ ಎಂಟ್ರಿಗೆ ಕೊನೇ ದಿನ, ಟೈಸ್ ಎತ್ತೋ (ಯಾವ ಟೀಮಿಗೆ ಯಾವ ಟೀಮ್ ಎದುರಾಳಿ ಅಂತ ಚೀಟಿ ಎತ್ತೋ) ದಿನ, ಒಂದೊಂದನ್ನೂ ಪೂರ್ತಿ ದಿನದ ಎಂಟ್ರಿಯಾಗಿ ಹಾಕಿ, ಪಕ್ಕದಲ್ಲಿ ಜವಾಬ್ದಾರಿ ಯಾರದ್ದು ಅಂತ ಹೆಸರು ಬರೀರಿ. ಹೆಸರು ಇಲ್ದಿರೋ ಕೆಲಸ ಯಾರೂ ಮಾಡಲ್ಲ. ರಾತ್ರಿ 10ರ ಮೇಲೆ ಮೈಕ್ ಹಾಕೋಹಂಗಿಲ್ಲ, ಸೆಮಿಫೈನಲ್ ಟೈಮಿಂಗ್ ಇಡೋವಾಗ ಅದನ್ನೂ ಲೆಕ್ಕಕ್ಕೆ ತಗೊಳಿ.

ಎಲ್ಲರಿಗೂ ಲಿಂಕ್ ಕೊಟ್ಬಿಡೋಣ ಅಂತ ಕ್ಯಾಲೆಂಡರನ್ನ ಪಬ್ಲಿಕ್ ಮಾಡೋರು ಸ್ವಲ್ಪ ಯೋಚನೆ ಮಾಡಿ. ಪಬ್ಲಿಕ್ ಅಂದ್ರೆ ಯಾರು ಬೇಕಾದ್ರೂ ನೋಡಬಹುದು, ಮಕ್ಕಳ ಬ್ಯಾಚ್ ಇದ್ರೆ ಅವರ ಹೆಸರು, ಅಪ್ಪ ಅಮ್ಮನ ಫೋನ್ ನಂಬರ್ ಅದ್ರಲ್ಲಿ ಇರಲೇಬಾರದು. ಮಕ್ಕಳದ್ದು ಅಂತ ಇದ್ರೆ ಈಮೇಲ್ ಹಾಕಿ ಶೇರ್ ಮಾಡೋದೇ ಸೇಫು.

ಕೊನೇಗೆ ಸ್ಮಾರ್ಟ್‌ಫೋನ್ ಇಲ್ಲದ ಹಿರಿಯರು, ಗ್ರೌಂಡ್ ವಾಚ್‌ಮನ್ನು. ಇವರಿಗೆ ತಿಂಗಳ ವ್ಯೂ ಪ್ರಿಂಟ್ ತೆಗೆದು ನೋಟಿಸ್ ಬೋರ್ಡಿಗೆ ಅಂಟಿಸಿ, ಕಂಪ್ಯೂಟರಲ್ಲಿ ಮೇಲೆ ಹಲ್ಲಿನ ಚಕ್ರದ ಗುರುತು ಇದ್ಯಲ್ಲ, ಅದ್ರೊಳಗೆ ಪ್ರಿಂಟ್ ಇದೆ. ಮೂಲೇಲಿ ಯಾವತ್ತು ತೆಗೆದಿದ್ದು ಅಂತ ಪೆನ್ನಲ್ಲಿ ತಾರೀಕು ಬರೀರಿ, ಹೊಸದು ಅಂಟಿಸೋವಾಗ ಹಳೇದನ್ನ ಕಿತ್ತಾಕಿ, ಇಲ್ಲಾಂದ್ರೆ ವಾಚ್‌ಮನ್ ಹೋದ ತಿಂಗಳ ಹಾಳೆ ನೋಡ್ಕೊಂಡು ಗೇಟಿಗೆ ಬೀಗ ಹಾಕ್ಕೊಂಡು ಹೋಗಿರ್ತಾರೆ.