ಮಂಜು ಕರಗುವ ಮುಂಚೆ ದೂರದ ಗುಡ್ಡ: ಪುಣೆಯ ಚಳಿಯಲ್ಲಿ ಕೂತು ಜಲವರ್ಣ

ಪುಣೆಯ ವೇತಾಳ ಟೇಕಡಿ ಗುಡ್ಡ ಹತ್ತುವಾಗ ಇನ್ನೂ ಮಬ್ಬುಗತ್ತಲೆ ಇರಬೇಕು. ಜನವರಿ ಮೊದಲಲ್ಲಿ ಇಲ್ಲಿ ಸೂರ್ಯ ಹುಟ್ಟೋದು ಏಳು ದಾಟಿದ ಮೇಲೆ. ಅಷ್ಟರೊಳಗೆ ಜಾಗ ಹಿಡಿದು, ಹಾಳೆ ಅಂಟಿಸಿ, ನೀರು ಸುರಿದುಕೊಂಡು ಕೂತಿರಿ. ಮಂಜು ಯಾರಿಗೂ ಕಾಯುವುದಿಲ್ಲ.

ಸಾಮಾನು ಜಾಸ್ತಿ ಬೇಡ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಹಾಳೆ, ಎ4 ಅಳತೆಗಿಂತ ದೊಡ್ಡದು ಬೇಡ, ನಾಲ್ಕೂ ಅಂಚು ಟೇಪಿನಿಂದ ಬೋರ್ಡಿಗೆ ಅಂಟಿಸಿ. ಎರಡು ಡಬ್ಬಿ ನೀರು, ಹಳೆ ಬಟ್ಟೆ, ಕೂರಲು ದಪ್ಪ ಚಾಪೆ, ಯಾಕಂದ್ರೆ ಬಂಡೆ ಮಂಜುಗಡ್ಡೆ ಹಾಗೆ ಕೊರೆಯುತ್ತದೆ. ಬಣ್ಣ ನಾಲ್ಕೇ: ಅಲ್ಟ್ರಾಮರೀನ್ (ಗಾಢ ನೀಲಿ), ಬರ್ನ್ಟ್ ಸಿಯೆನಾ (ಕೆಂಪು ಕಂದು), ಯೆಲ್ಲೋ ಓಕರ್ (ಮಣ್ಣಿನ ಹಳದಿ), ಅಲಿಝರಿನ್ ಕ್ರಿಮ್ಸನ್ (ಗಾಢ ಕೆಂಪು). ಕಪ್ಪು ಟ್ಯೂಬು ಮನೆಯಲ್ಲೇ ಇರಲಿ. ಮೊದಲಿನ ಎರಡು ಬೆರೆಸಿದರೆ ಚಳಿಗಾಲಕ್ಕೆ ಬೇಕಾದ ಬೂದು ಬಣ್ಣವೆಲ್ಲ ಅದರಲ್ಲೇ ಸಿಗುತ್ತದೆ.

ಈಗ ಮುಖ್ಯವಾದ ಮಾತು. ದೂರದ್ದನ್ನು ಮೊದಲು ಬರೆಯಿರಿ. ಕಾಲ ಬುಡದ ಹುಲ್ಲು ಮಧ್ಯಾಹ್ನದವರೆಗೂ ಅಲ್ಲೇ ಇರುತ್ತದೆ, ಎಲ್ಲಿಗೂ ಹೋಗಲ್ಲ, ಆದರೆ ಸಿಂಹಗಡ ಕೋಟೆಯ ಕಡೆಯ ಆ ತೆಳು ನೀಲಿ ಗೆರೆ ಬಿಸಿಲೇರುತ್ತಿದ್ದ ಹಾಗೆ ಬಣ್ಣ ಬದಲಿಸಿಬಿಡುತ್ತದೆ. ಹಾಳೆಯ ಮೇಲರ್ಧ ಒದ್ದೆ ಮಾಡಿ. ಆಕಾಶಕ್ಕೆ ಓಕರ್‌ನ ತೀರಾ ತೆಳು ನೀರು ಬಿಡಿ. ಅದು ಹಸಿ ಇರುವಾಗಲೇ ಅಲ್ಟ್ರಾಮರೀನ್‌ಗೆ ಚೂರು ಕ್ರಿಮ್ಸನ್ ಸೇರಿಸಿ ಗುಡ್ಡದ ತಲೆ ಎಳೆಯಿರಿ. ಅಂಚು ತಾನಾಗೇ ಕರಗುತ್ತದೆ. ಗುಡ್ಡದ ಬುಡಕ್ಕೆ ಬರೀ ನೀರು ಮುಟ್ಟಿಸಿ, ಅದೇ ಮಂಜು.

ಒಮ್ಮೆ ವಿಜಯಪುರ ಕಡೆಯ ಹಿರಿಯರೊಬ್ಬರು ವಾಕಿಂಗ್ ನಿಲ್ಲಿಸಿ ಕೇಳಿದರು, "ಗುಡ್ಡ ಹಸಿರು ಇರ್ತದಲ್ಲ, ನೀಲಿ ಯಾಕ ಹಚ್ಚೀರಿ?" "ಕಣ್ಣು ಸಣ್ಣ ಮಾಡಿ ನೋಡ್ರಿ ಕಾಕಾ" ಅಂದೆ. ನೋಡಿದರು. "ಹೌದಲ್ರೀ!" ಅಂದವರು ಹತ್ತು ನಿಮಿಷ ಅಲ್ಲೇ ನಿಂತರು. ನಮಗೂ ಬೆಟ್ಟಕ್ಕೂ ನಡುವೆ ಗಾಳಿಯ ಪದರ ಜಾಸ್ತಿ ಇದ್ದಷ್ಟೂ ಬೆಟ್ಟ ನೀಲಿಯಾಗುತ್ತದೆ, ತೆಳುವಾಗುತ್ತದೆ.

ಇನ್ನು ಕಾಯಬೇಕು. ಎಲ್ಲರೂ ತಪ್ಪುವುದು ಇಲ್ಲೇ. ಏಪ್ರಿಲ್‌ನಲ್ಲಿ ಚಿಟಿಕೆ ಹೊಡೆಯುವಷ್ಟರಲ್ಲಿ ಒಣಗುವ ಹಾಳೆ ಈ ಥಂಡಿಯಲ್ಲಿ ಎಷ್ಟೋ ಹೊತ್ತು ಒದ್ದೆಯಾಗೇ ಇರುತ್ತದೆ. ಓರೆಯಾಗಿ ಹಿಡಿದು ನೋಡಿ, ಹೊಳಪು ಹೋಗಿರಬೇಕು. ಆಮೇಲೂ ಬೆರಳಿನ ಹಿಂಬದಿ ಮೆಲ್ಲಗೆ ತಾಗಿಸಿ. ತಣ್ಣಗೆ ಅನಿಸಿದರೆ ಒಳಗೆ ಇನ್ನೂ ನೀರಿದೆ ಅಂತಲೇ ಅರ್ಥ. ಅವಸರಪಟ್ಟು ಬ್ರಷ್ ಇಟ್ಟಿರೋ, ಬಣ್ಣ ಹಿಂದಕ್ಕೆ ಓಡಿ ಹೂಕೋಸಿನ ಅಂಚಿನ ಹಾಗೆ ಕಲೆ ಕಟ್ಟುತ್ತದೆ. ತಿದ್ದಲು ಹೋದಷ್ಟೂ ಕೆಡುತ್ತದೆ, ಸುಮ್ನೆ ಬಿಟ್ಟುಬಿಡಿ.

ಕಾಯುವ ಹೊತ್ತಲ್ಲಿ ಪೆನ್ಸಿಲಿನಿಂದ ನೆರಳುಗಳನ್ನು ಗುರುತು ಮಾಡಿಕೊಳ್ಳಿ. ಬೆಳಗಿನ ನೆರಳು ಉದ್ದ, ಅರ್ಧ ಗಂಟೆಯಲ್ಲಿ ಜಾಗ ಬಿಡುತ್ತದೆ. ಮೊದಲು ಗುರುತಿಸಿದ್ದೇ ಕೊನೆವರೆಗೂ ಇರಲಿ, ಅದರ ಹಿಂದೆ ಓಡಬೇಡಿ.

ಹುಲ್ಲು ಕೊನೆಗೆ. ಓಕರ್‌ಗೆ ಸಿಯೆನಾ ಸೇರಿಸಿ, ಬ್ರಷ್ಷನ್ನು ಬಟ್ಟೆಗೆ ಒರೆಸಿ, ಅರೆ ಒಣಗಿದ ಕೂದಲನ್ನು ಹಾಳೆ ಮೇಲೆ ಅಡ್ಡಕ್ಕೆ ಸವರಿ. ಹಾಳೆಯ ಉಬ್ಬು ತಗ್ಗುಗಳೇ ಹುಲ್ಲಿನ ಎಸಳಾಗುತ್ತವೆ. ಎಷ್ಟು ಚೆನ್ನ ಅಲ್ವಾ! ಬೋಳು ಮರದ ಕೊಂಬೆಗೆ ಉದ್ದ ಕೂದಲಿನ ತೆಳು ಬ್ರಷ್, ಬುಡದಿಂದ ತುದಿಗೆ, ಒಂದೇ ಎಳೆತ.

ಕಟ್ಟಿಕೊಂಡು ಹೊರಡುವ ಮುಂಚೆ ಬೋರ್ಡನ್ನು ಸ್ವಲ್ಪ ಹೊತ್ತು ಬಿಸಿಲಿಗೆ ಒರಗಿಸಿಡಿ. ಟೇಪು ಮನೆಗೆ ಬಂದ ಮೇಲೆ ಬಿಚ್ಚಿ, ಹಾಳೆ ಪೂರ್ತಿ ಒಣಗಿದಾಗ, ಹೊರಗಿನ ಕಡೆಗೆ ನಿಧಾನವಾಗಿ ಎಳೆಯುತ್ತಾ.