ಫೋನ್ ಸಿಂಧನೂರಿನಲ್ಲಿ, ಫ್ಲ್ಯಾಷಿಂಗ್ ಬೆಂಗಳೂರಿನಿಂದ

ಸಿಂಧನೂರಿನ ಅಂಗಡಿಯೊಂದಕ್ಕೆ ಲೋಗೊದಲ್ಲೇ ನಿಂತುಬಿಟ್ಟ ಫೋನ್ ಬಂದಿದೆ ಎನ್ನಿ. ಅದಕ್ಕೆ ಫ್ಲ್ಯಾಷಿಂಗ್ ಆಗಬೇಕು, ಅಂದರೆ ಫೋನಿನ ತಂತ್ರಾಂಶವನ್ನು ಹೊಸದಾಗಿ ಬರೆಯಬೇಕು. ಅದಕ್ಕೆ ಬೇಕಾದ ಲೈಸೆನ್ಸ್ ಟೂಲ್, ಆ ಟೂಲ್ ನಡೆಯಲು ಕಂಪ್ಯೂಟರಿಗೆ ಸಿಕ್ಕಿಸುವ ಡಾಂಗಲ್ ಎರಡೂ ಬೆಂಗಳೂರಿನ ಟೆಕ್ನಿಷಿಯನ್ ಹತ್ತಿರ ಇವೆ. ದೂರದಿಂದ ಕಂಪ್ಯೂಟರ್ ನಡೆಸುವ ಎನಿಡೆಸ್ಕ್ ಅಂಗಡಿಯ ಕಂಪ್ಯೂಟರಿನ ಪರದೆಯನ್ನು ಕೊಡುತ್ತದೆ, ಅದಕ್ಕೆ ಸಿಕ್ಕಿಸಿದ ಫೋನನ್ನಲ್ಲ. ಯುಎಸ್‌ಬಿ ರೀಡೈರೆಕ್ಟರ್‌ನಂಥ ತಂತ್ರಾಂಶ ಫೋನನ್ನೇ ದೂರದ ಕಂಪ್ಯೂಟರಿಗೆ ಸಿಕ್ಕಿಸಿದ ಹಾಗೆ ಮಾಡುತ್ತದೆ.

ಮೊದಲು ನೆಟ್‌ವರ್ಕ್ ನೋಡಿಕೊಳ್ಳಿ. ಅಂಗಡಿಯ ಕಂಪ್ಯೂಟರ್ ಟೆಕ್ನಿಷಿಯನ್ ಕಂಪ್ಯೂಟರನ್ನು ಹುಡುಕಿಕೊಂಡು ಬರಬೇಕು. ಟೆಕ್ನಿಷಿಯನ್ ರೌಟರ್‌ನ ವ್ಯಾನ್ ವಿಳಾಸ (ಇಂಟರ್‌ನೆಟ್ ಕಂಪನಿ ರೌಟರ್‌ಗೆ ಕೊಟ್ಟ ವಿಳಾಸ) 100.64ರಿಂದ 100.127ರೊಳಗೆ ಶುರುವಾದರೆ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನ ಸಂಪರ್ಕವನ್ನು ಒಳಗಿನ ಕಂಪ್ಯೂಟರಿಗೆ ಕಳಿಸುವ ರೌಟರ್ ಸೆಟ್ಟಿಂಗ್) ಮಾಡಿ ಉಪಯೋಗವಿಲ್ಲ; ಅದು ಸಾರ್ವಜನಿಕ ವಿಳಾಸವಲ್ಲ, ಕಂಪನಿ ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚಿರುತ್ತದೆ. ಎರಡೂ ಕಡೆ ಟೈಲ್‌ಸ್ಕೇಲ್ ಎಂಬ ವಿಪಿಎನ್ (ದೂರದ ಕಂಪ್ಯೂಟರುಗಳನ್ನು ಒಂದೇ ಖಾಸಗಿ ನೆಟ್‌ವರ್ಕ್‌ಗೆ ಸೇರಿಸುವ ತಂತ್ರಾಂಶ) ಹಾಕಿ ಅದು ಕೊಡುವ ವಿಳಾಸ ಬಳಸಿದರೆ ಈ ತೊಡಕು ಹೋಗುತ್ತದೆ, ಡೇಟಾ ಗೂಢಲಿಪಿಯಲ್ಲೇ ಸಾಗುತ್ತದೆ.

ಟೆಕ್ನಿಷಿಯನ್ ಕಡೆ ಯುಎಸ್‌ಬಿ ರೀಡೈರೆಕ್ಟರ್‌ನ ಟೆಕ್ನಿಷಿಯನ್ ಎಡಿಷನ್, ಅಂಗಡಿಯ ಕಡೆ ಅದರ ಕಸ್ಟಮರ್ ಮಾಡ್ಯೂಲ್ ಇರಬೇಕು. ಅಂಗಡಿಯವರು ವಿಳಾಸ ಬರೆದು ಸಂಪರ್ಕಿಸಿ, ಪಟ್ಟಿಯಲ್ಲಿ ಫೋನನ್ನು ಶೇರ್ ಮಾಡಬೇಕು. ಆ ಕ್ಷಣ ಅವರ ಕಂಪ್ಯೂಟರಿನಲ್ಲಿ ಫೋನ್ ಮಾಯವಾಗುತ್ತದೆ, ಗಾಬರಿ ಬೇಡ. ಡ್ರೈವರ್ ಬೇಕಿರುವುದು ಟೆಕ್ನಿಷಿಯನ್ ಕಂಪ್ಯೂಟರಿಗೆ.

ಹೆಚ್ಚಿನವರು ಎಡವುವುದು ಇದರ ಮುಂದೆ. ಮೋಡ್ ಬದಲಾದಾಗಲೆಲ್ಲ ಫೋನ್ ಯುಎಸ್‌ಬಿಗೆ ಹೊಸ ಸಾಧನವಾಗಿ ಕಾಣಿಸುತ್ತದೆ, ಹಳೆಯ ಶೇರ್ ಕಡಿದುಹೋಗುತ್ತದೆ. ಮೀಡಿಯಾಟೆಕ್ ಚಿಪ್‌ನ ಫೋನ್ ಆನ್ ಆಗುವಾಗಿನ ಎರಡು ಮೊದಲ ಹಂತಗಳಲ್ಲಿ, ಅಂದರೆ ಪ್ರಿಲೋಡರ್‌ನಲ್ಲಿ 2000, ಬ್ರೋಮ್‌ನಲ್ಲಿ 0003 ಎಂಬ ಪಿಐಡಿ (ಯುಎಸ್‌ಬಿ ಸಾಧನದ ಗುರುತಿನ ಸಂಖ್ಯೆ) ತೋರಿಸುತ್ತದೆ. ಪ್ರಿಲೋಡರ್ ನಿಲ್ಲುವುದು ಒಂದೆರಡು ಸೆಕೆಂಡು ಮಾತ್ರ. ಕೈಯಿಂದ ಶೇರ್ ಒತ್ತುವಷ್ಟರಲ್ಲಿ ಹೋಗಿರುತ್ತದೆ. ಹಾಗಾಗಿ ಸಾಧನ ಬಂದೊಡನೆ ತಾನೇ ಹಂಚುವ ಆಟೊ ಶೇರ್ ಮೊದಲೇ ಆನ್ ಇರಲಿ, ಟೂಲ್‌ನಲ್ಲಿ ಸ್ಟಾರ್ಟ್ ಒತ್ತಿದ ಮೇಲೆಯೇ ಕೇಬಲ್ ಚುಚ್ಚಿಸಿ.

ಕ್ವಾಲ್ಕಾಮ್ ಚಿಪ್‌ನ ಫೋನುಗಳ ಕಾಟ ಬೇರೆ. ಡಿವೈಸ್ ಮ್ಯಾನೇಜರ್‌ನಲ್ಲಿ 9008 (ಇಡಿಎಲ್ ಎಂಬ ತುರ್ತು ಡೌನ್‌ಲೋಡ್ ಮೋಡ್‌ನ ಗುರುತು) ಸರಿಯಾಗಿ ಕಾಣುತ್ತಿದ್ದರೂ ಟೂಲ್ ಸಹಾರಾ ಎರರ್ ಕೊಡಬಹುದು. ಸಹಾರಾ ಎಂದರೆ ಆ ಮೋಡ್‌ನಲ್ಲಿ ಫೋನ್ ಮತ್ತು ಟೂಲ್ ಮಾತಾಡುವ ವಿಧಾನ. ಫೋನ್ ತನ್ನ ‘ಹಲೋ’ ಸಂದೇಶವನ್ನು ಒಮ್ಮೆ ಕಳಿಸಿ ಉತ್ತರಕ್ಕೆ ಕಾಯುತ್ತದೆ. ಅದು ದಾರಿಯಲ್ಲಿ ತಪ್ಪಿಹೋದರೆ ಮತ್ತೆ ಕಳಿಸುವುದಿಲ್ಲ. ಕೇಬಲ್ ತೆಗೆದು, ಪವರ್ ಮತ್ತು ವಾಲ್ಯೂಮ್ ಡೌನ್ ಗುಂಡಿಗಳನ್ನು 15–20 ಸೆಕೆಂಡು ಹಿಡಿದು ರೀಬೂಟ್ ಮಾಡಿ ಮತ್ತೆ ಇಡಿಎಲ್‌ಗೆ ತನ್ನಿ. ಡ್ರೈವರ್ ಮರುಹಾಕುತ್ತ ಕೂರುವುದು ಸುಮ್ಮನೆ ಕಾಲಹರಣ.

ವೇಗದ ಲೆಕ್ಕವನ್ನೂ ಮಾಡಿಕೊಳ್ಳಿ. ಫೋನಿಗೆ ಬರೆಯುವ ಪ್ರತಿ ಬೈಟ್ ಟೆಕ್ನಿಷಿಯನ್ ಅಪ್‌ಲೋಡ್ ಮೇಲೆ ಹೋಗುತ್ತದೆ. 10 ಎಂಬಿಪಿಎಸ್ ಅಪ್‌ಲೋಡ್‌ನಲ್ಲಿ 4 ಜಿಬಿ ಫರ್ಮ್‌ವೇರ್‌ಗೆ (ಫೋನಿಗೆ ಬರೆಯುವ ತಂತ್ರಾಂಶಕ್ಕೆ) ಕಡಿಮೆಯೆಂದರೂ 53 ನಿಮಿಷ ಬೇಕು, ನಡುವೆ ಒಮ್ಮೆ ನೆಟ್ ಹೋದರೆ ಬರಹ ಅರ್ಧಕ್ಕೆ. ಡಾಂಗಲ್ ಬೇಡದ ಪೂರ್ಣ ಫ್ಲ್ಯಾಷಿಂಗ್ ಇದ್ದರೆ ಫೈಲನ್ನು ಅಂಗಡಿಯಲ್ಲೇ ಇಳಿಸಿಕೊಂಡು ಎನಿಡೆಸ್ಕ್‌ನಲ್ಲಿ ಮುಗಿಸುವುದೇ ಜಾಣತನ. ಫೋನ್ ಮೆಮೊರಿಯ ಸಣ್ಣ ಭಾಗವನ್ನು (ಪಾರ್ಟಿಷನ್) ಓದುವ, ಬರೆಯುವ ಕೆಲಸಕ್ಕೆ ರೀಡೈರೆಕ್ಟರ್ ಸಾಕು.

ಏನು ಬರೆಯುವ ಮೊದಲೂ ಫೋನಿನ ಐಎಂಇಐ ಮತ್ತು ನೆಟ್‌ವರ್ಕ್ ಮಾಹಿತಿ ಇರುವ ಎನ್‌ವಿರ್ಯಾಮ್ ಅಥವಾ ಇಎಫ್‌ಎಸ್ ಭಾಗದ ಬ್ಯಾಕಪ್ ತೆಗೆಯಿರಿ. ಈ ಸಣ್ಣ ಬ್ಯಾಕಪ್ ಫೈಲ್ ಇಲ್ಲದಿದ್ದರೆ, ಫೋನಿನಲ್ಲಿ ಆ ಭಾಗ ಕೆಟ್ಟಾಗ ಸಿಗ್ನಲ್ ಮರಳಿ ತರುವುದು ದೊಡ್ಡ ತಲೆನೋವು. ಗ್ರಾಹಕರಿಂದ ಬಿಲ್ ಕೇಳಿ, ಡೇಟಾ ಹೋಗಬಹುದೆಂದು ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ. ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ಬದಲಿಸಿಕೊಡಿ ಎಂದರೆ ಒಪ್ಪಬೇಡಿ. ಅದು ಭಾರತದಲ್ಲಿ ಅಪರಾಧ.

ಅಂಗಡಿಯಲ್ಲಿ ಬ್ಯಾಟರಿ ಗಟ್ಟಿ ಇರುವ ಲ್ಯಾಪ್‌ಟಾಪ್, ರೌಟರ್‌ಗೆ ಯುಪಿಎಸ್, ಒಂದು ಮೀಟರ್ ಒಳಗಿನ ಡೇಟಾ ಕೇಬಲ್ ಇರಲಿ, ಹಬ್ ಬೇಡ. ಮುಗಿದ ಮೇಲೆ ಟೂಲ್ ಮುಚ್ಚಿ, ಶೇರ್ ನಿಲ್ಲಿಸಿ, ಆಮೇಲೆ ಕೇಬಲ್ ತೆಗೆಸಿ. ಫ್ಲ್ಯಾಷ್ ಆದ ಫೋನಿನ ಮೊದಲ ಬೂಟ್‌ಗೆ ಹತ್ತು ನಿಮಿಷದವರೆಗೂ ಹಿಡಿಯಬಹುದು. ಅಲ್ಲಿಯವರೆಗೆ ಪವರ್ ಗುಂಡಿ ಮುಟ್ಟದಂತೆ ಅಂಗಡಿಯವರಿಗೆ ಹೇಳಿಡಿ.