ಲಿವರಿಗೆ ಕಟ್ಟಿದ್ದ ಸೈಕಲ್ ಟ್ಯೂಬು

ನಮ್ಮ ಗೂಡ್ಸ್ ಆಟೋದ ಸೀಟಿನ ಕೆಳಗೆ ಸೈಕಲ್ ಟ್ಯೂಬಿನ ಒಂದು ತುಂಡು ಬಿದ್ದಿದೆ. ಗೇಣುದ್ದ ಇರಬಹುದು. ಎರಡು ವರ್ಷ ಅದು ನನ್ನ ಹುಲ್ಲು ಕತ್ತರಿಸುವ ಮಷೀನಿನ, ಅಂದರೆ ಲಾನ್ ಮೋವರ್‌ನ ಲಿವರನ್ನು ಹಿಡಿಕೆಗೆ ಒತ್ತಿ ಹಿಡಿದಿತ್ತು. ಕಟ್ಟಿದ್ದು ನಾನೇ. ಕಟ್ಟಿದ ದಿನ ಏನೋ ದೊಡ್ಡ ಉಪಾಯ ಮಾಡಿದೆ ಅಂತ ಖುಷಿಪಟ್ಟಿದ್ದೂ ನಾನೇ.

ಮೈಸೂರಿನಲ್ಲಿ ಲಾನ್ ನೋಡಿಕೊಳ್ಳುವ ಗುತ್ತಿಗೆ ನನ್ನದು. ಎರಡು ಕಲ್ಯಾಣ ಮಂಟಪ, ಒಂದು ಕಾಲೇಜು, ನಾಲ್ಕೈದು ದೊಡ್ಡ ಮನೆ. ಜೊತೆಗೆ ಇಬ್ಬರು ಹುಡುಗರು. ಮಷೀನು 21 ಇಂಚಿನ ಬ್ಲೇಡಿನದು, 160 ಸಿಸಿ ಫೋರ್ ಸ್ಟ್ರೋಕ್ ಎಂಜಿನ್. ಹಿಂದಿನ ಚಕ್ರಕ್ಕೆ ಡ್ರೈವ್ ಇದೆ, ತಳ್ಳಬೇಕಾಗಿಲ್ಲ, ಹಿಂದೆ ನಡೆದರೆ ಸಾಕು.

ಹಿಡಿಕೆಯ ಮೇಲೆ ಒಂದು ಲಿವರ್ ಇರುತ್ತದೆ. ಅದನ್ನು ಒತ್ತಿ ಹಿಡಿದಷ್ಟು ಹೊತ್ತು ಎಂಜಿನ್ ಓಡುತ್ತದೆ, ಬಿಟ್ಟರೆ ಬ್ರೇಕ್ ಬಿದ್ದು ಎಂಜಿನ್, ಬ್ಲೇಡು ಎರಡೂ ನಿಲ್ಲುತ್ತವೆ. ಹುಲ್ಲಿನ ಚೀಲ ತುಂಬಿದಾಗಲೆಲ್ಲ ನಿಲ್ಲಿಸಬೇಕು, ಖಾಲಿ ಮಾಡಬೇಕು, ಮತ್ತೆ ಹಗ್ಗ ಎಳೆದು ಸ್ಟಾರ್ಟ್ ಮಾಡಬೇಕು. ಮಳೆಗಾಲದಲ್ಲಿ ಒಂದು ಮಂಟಪಕ್ಕೆ ಮೂವತ್ತು ಸಲ ಚೀಲ ತುಂಬುತ್ತದೆ. ಮೂವತ್ತು ಸಲ ಹಗ್ಗ ಎಳೆದರೆ ಸಂಜೆಗೆ ಭುಜ ಕೇಳುತ್ತದಾ? ಅದಕ್ಕೇ ಟ್ಯೂಬು. ನಾನೊಬ್ಬನೇ ಅಲ್ಲ, ಈ ಕೆಲಸದಲ್ಲಿರುವ ಬಹಳ ಜನರ ಮಷೀನಿನಲ್ಲಿ ಟ್ಯೂಬೋ ಬೈಂಡಿಂಗ್ ವೈರೋ ಕಟ್ಟಿರುವುದನ್ನು ನೋಡಿದ್ದೇನೆ. ದುಬಾರಿ ಕಮರ್ಷಿಯಲ್ ಮಷೀನುಗಳಲ್ಲಿ ಇದಕ್ಕೇ ಬೇರೆ ಕ್ಲಚ್ ಇರುತ್ತದೆ. ಲಿವರ್ ಬಿಟ್ಟರೆ ಬ್ಲೇಡು ಮಾತ್ರ ನಿಲ್ಲುತ್ತದೆ, ಎಂಜಿನ್ ಓಡುತ್ತಲೇ ಇರುತ್ತದೆ. ಆಗ ನನ್ನ ಹತ್ತಿರ ಅಷ್ಟು ದುಡ್ಡಿರಲಿಲ್ಲ.

ಒಂದು ಆಷಾಢ. ಮದುವೆ ಇಲ್ಲ, ಮಂಟಪ ಖಾಲಿ, ಮಳೆಗೆ ಹುಲ್ಲು ಮಾತ್ರ ಸೊಂಪಾಗಿ ಬೆಳೆದಿತ್ತು. ಲಾನಿನ ಒಂದು ಅಂಚಿನಲ್ಲಿ ಇಳಿಜಾರಿದೆ. ನಾನು ಹವಾಯಿ ಚಪ್ಪಲಿಯಲ್ಲಿದ್ದೆ. ಇಳಿಜಾರಿನಲ್ಲಿ ಕೆಳಗಿನಿಂದ ಮೇಲಕ್ಕೆ ಓಡಿಸುತ್ತಿದ್ದೆ. ಅರ್ಧ ಹತ್ತಿದಾಗ ಕಾಲು ಜಾರಿತು. ಬೀಳುವವನು ಏನು ಮಾಡುತ್ತಾನೆ? ಕೈಯಲ್ಲಿದ್ದುದನ್ನು ಗಟ್ಟಿಯಾಗಿ ಹಿಡಿಯುತ್ತಾನೆ. ಹಿಡಿಕೆ ಹಿಡಿದೇ ಬಿದ್ದೆ, ಮಷೀನು ನನ್ನ ಜೊತೆಗೇ ಹಿಂದಕ್ಕೆ ಬಂತು. ಬಲಗಾಲು ಹಿಂದಿನ ರಬ್ಬರ್ ಪರದೆಯ ಕೆಳಗೆ ಹೋಯಿತು. 'ಟಪ್' ಅಂತ ಒಂದು ಸದ್ದು, ಅಷ್ಟೇ. ನಾನು ಕೈ ಬಿಟ್ಟೆ. ಮಷೀನು ನಿಲ್ಲಲಿಲ್ಲ, ನಾನೇ ಕಟ್ಟಿದ್ದೆನಲ್ಲ! ಪಕ್ಕದಲ್ಲೇ ಮಲಗಿಕೊಂಡು ಅದು ಅರಚುತ್ತಿತ್ತು. ಹುಡುಗ ಓಡಿ ಬಂದು ಥ್ರಾಟಲ್ ಎಳೆದು ನಿಲ್ಲಿಸಿದ.

ಚಪ್ಪಲಿಯ ತುದಿ ಎರಡು ಬೆರಳಷ್ಟು ಅಗಲ ಹೋಗಿತ್ತು. ಬ್ರೆಡ್ಡು ಕೊಯ್ದ ಹಾಗೆ, ಅಂಚು ಅಷ್ಟು ನೀಟಾಗಿತ್ತು. ಹೆಬ್ಬೆರಳಿನ ಉಗುರು ಹರಿದು ರಕ್ತ ಬಂದಿತ್ತು, ಬೆರಳು ಉಳಿದಿತ್ತು. ಹುಡುಗ ಚಪ್ಪಲಿ ಎತ್ತಿ ನೋಡಿ, "ಅಣ್ಣಾ, ನಿಮ್ದು ಒಂದ್ ನಂಬರ್ ದೊಡ್ಡ ಚಪ್ಲಿ, ಅದಕ್ಕೇ ಉಳ್ಕಂಡ್ರಿ" ಅಂದ. ಅವತ್ತು ನಗು ಬರಲಿಲ್ಲ.

ಆ ರಾತ್ರಿ ನಿದ್ದೆ ಬರದೆ ಲೆಕ್ಕ ಹಾಕಿದೆ. ನಿಮಿಷಕ್ಕೆ 3000 ಸುತ್ತು ಅಂದರೆ ಸೆಕೆಂಡಿಗೆ 50. ಬ್ಲೇಡಿನ ಉದ್ದ 53 ಸೆಂಟಿಮೀಟರ್. ತುದಿಯ ವೇಗ ಸೆಕೆಂಡಿಗೆ 83 ಮೀಟರ್ ದಾಟುತ್ತದೆ, ಗಂಟೆಗೆ 300 ಕಿಲೋಮೀಟರ್. ಆ ವೇಗಕ್ಕೆ ಸಿಕ್ಕ ಕಲ್ಲೂ ಹೆಚ್ಚುಕಡಿಮೆ ಅದೇ ವೇಗದಲ್ಲಿ ಹೊರಡುತ್ತದೆ. ಅಮೆರಿಕದಲ್ಲಿ ಮನೆ ಬಳಕೆಯ ಮೋವರ್‌ಗಳಿಗೆ 1982ರಿಂದ ಕಾನೂನೇ ಇದೆ: ಲಿವರ್ ಬಿಟ್ಟ 3 ಸೆಕೆಂಡಿನೊಳಗೆ ಬ್ಲೇಡು ನಿಲ್ಲಬೇಕು. ಅಂಥ ವ್ಯವಸ್ಥೆಯನ್ನು ನಾನು ಹಳೇ ಟ್ಯೂಬಿನ ತುಂಡಿನಲ್ಲಿ ಕಟ್ಟಿ ಹಾಕಿದ್ದೆ.

ಬೆಳಿಗ್ಗೆ ಟ್ಯೂಬು ಬಿಚ್ಚಿದೆ. ಮೂವರಿಗೂ ಸ್ಟೀಲ್ ಟೋ ಶೂ ತಂದೆ. ಈಗ ಇಳಿಜಾರಿನಲ್ಲಿ ಅಡ್ಡಡ್ಡ ಓಡಿಸುತ್ತೇವೆ, ಮೇಲೆ ಕೆಳಗೆ ಅಲ್ಲ. ಜಾರಿದರೂ ಮಷೀನು ಮೈಮೇಲೆ ಬರುವುದಿಲ್ಲ, ಕಾಲು ಅದರಡಿಗೆ ಹೋಗುವುದಿಲ್ಲ. ತೀರಾ ಕಡಿದಾದ ಕಡೆ ಮೋವರ್ ಒಯ್ಯುವುದೇ ಇಲ್ಲ, ಉದ್ದ ಕೋಲಿನ ತುದಿಯಲ್ಲಿ ಬ್ಲೇಡು ತಿರುಗುವ ಬ್ರಶ್ ಕಟರ್‌ನಲ್ಲಿ ಮುಗಿಸುತ್ತೇವೆ. ಮಷೀನನ್ನು ನಮ್ಮ ಕಡೆ ಎಳೆದುಕೊಂಡು ಕತ್ತರಿಸುವುದೂ ಬಂದ್. ಹಿಂದಕ್ಕೆ ತರಬೇಕಾದರೆ ಲಿವರ್ ಬಿಡಬೇಕು, ಬ್ಲೇಡು ನಿಲ್ಲಬೇಕು, ಆಮೇಲೆ ಎಳೆಯಬೇಕು. ಇಬ್ಬನಿ ಆರುವ ತನಕ, ಅಂದರೆ ಸುಮಾರು ಒಂಬತ್ತೂವರೆ ತನಕ, ಮೋವರ್ ಆಟೋದಿಂದ ಇಳಿಸುವುದಿಲ್ಲ. ಒದ್ದೆ ಹುಲ್ಲು ಜಾರುವುದು ಒಂದು ಕಡೆ, ಬ್ಲೇಡಿನ ಮೇಲಿನ ತಗಡಿಗೆ, ಅಂದರೆ ಡೆಕ್ಕಿಗೆ, ಹಿಟ್ಟಿನ ಹಾಗೆ ಮೆತ್ತಿಕೊಂಡು ಚೀಲಕ್ಕೂ ಹೋಗುವುದಿಲ್ಲ.

ಹಾಗಂತ ಒಂಬತ್ತೂವರೆಯವರೆಗೆ ಸುಮ್ನೆ ಕೂರುವುದಿಲ್ಲ. ಅದು ಬಕೆಟ್ ಹಿಡಿದು ಲಾನು ತಿರುಗುವ ಹೊತ್ತು. ಮದುವೆ ಮುಗಿದ ಲಾನಿನೊಳಗೆ ಏನಿರುತ್ತದೆ ಅಂತ ಮೇಲಿನಿಂದ ನೋಡಿದವರಿಗೆ ಗೊತ್ತಾಗುವುದಿಲ್ಲ. ಶಾಮಿಯಾನದ ಗೂಟ, ಮೊಳೆ, ಸೀರಿಯಲ್ ಸೆಟ್ಟಿನ ವೈರು, ಹೂವಿನ ಅಲಂಕಾರದವರು ಬಿಸಾಕಿದ ಬೈಂಡಿಂಗ್ ವೈರು, ಸೋಡಾ ಬಾಟಲಿಯ ಮುಚ್ಚಳ. ಇವುಗಳಲ್ಲಿ ಗೂಟ ಎಲ್ಲಕ್ಕಿಂತ ಕೆಟ್ಟದ್ದು. ಬಿಚ್ಚುವವರು ಆತುರದಲ್ಲಿ ಒಂದೆರಡನ್ನು ಬಿಟ್ಟು ಹೋಗುತ್ತಾರೆ, ನೆಲದಿಂದ ಒಂದಿಂಚು ಮೇಲೆ ಕಬ್ಬಿಣ ನಿಂತಿರುತ್ತದೆ, ಸುತ್ತ ಹುಲ್ಲು ಮುಚ್ಚಿರುತ್ತದೆ. ಅಂಥ ಒಂದು ಗೂಟಕ್ಕೆ ಬ್ಲೇಡು ಹೊಡೆದು ನಮ್ಮ ಕ್ರ್ಯಾಂಕೇ, ಅಂದರೆ ಎಂಜಿನ್ ತಿರುಗಿಸುವ ಶಾಫ್ಟೇ ಬಾಗಿತು. ಈ ಮಷೀನುಗಳಲ್ಲಿ ಬ್ಲೇಡು ನೇರವಾಗಿ ಕ್ರ್ಯಾಂಕ್ ಶಾಫ್ಟಿನ ತುದಿಗೇ ಕೂತಿರುತ್ತದೆ. ಮಧ್ಯೆ ಬೆಲ್ಟಿಲ್ಲ, ಗೇರಿಲ್ಲ. ಬ್ಲೇಡಿಗೆ ಬಿದ್ದ ಏಟು ಎಂಜಿನ್ನಿನ ಎದೆಗೇ ಬೀಳುತ್ತದೆ. ಆ ತಿಂಗಳ ಲಾಭವೆಲ್ಲ ಅದಕ್ಕೇ ಹೋಯಿತು.

ಎಂಜಿನ್ ಮೇಸ್ತ್ರಿ ಅವತ್ತು ಕಲಿಸಿದ್ದು ಒಂದು ಸಣ್ಣ ಪರೀಕ್ಷೆ. ಏನಾದರೂ ಗಟ್ಟಿಯಾಗಿ ಹೊಡೆದು ಆಮೇಲೆ ಹಿಡಿಕೆ ಜಾಸ್ತಿ ನಡುಗುತ್ತಿದ್ದರೆ, ಸ್ಪಾರ್ಕ್ ಪ್ಲಗ್ ಪೂರ್ತಿ ಬಿಚ್ಚಿ ತೆಗೆದು, ಮಷೀನು ವಾಲಿಸಿ, ಒಬ್ಬರು ನಿಧಾನಕ್ಕೆ ಹಗ್ಗ ಎಳೆಯಬೇಕು. ಇನ್ನೊಬ್ಬರು ದೂರದಿಂದ ಬ್ಲೇಡಿನ ಬೋಲ್ಟಿನ ತಲೆ ನೋಡಬೇಕು. ಅದು ನಿಂತಲ್ಲೇ ತಿರುಗಿದರೆ ಶಾಫ್ಟ್ ನೆಟ್ಟಗಿದೆ. ಸುತ್ತು ಹೊಡೆಯುತ್ತಿದ್ದರೆ ಬಾಗಿದೆ, ಮತ್ತೆ ಸ್ಟಾರ್ಟ್ ಮಾಡಬಾರದು.

ಈಗ ಹಳೇ ಸ್ಪೀಕರಿನ ಮ್ಯಾಗ್ನೆಟ್ಟಿಗೆ ಹಗ್ಗ ಕಟ್ಟಿ ಇಡೀ ಲಾನು ಎಳೆದಾಡುತ್ತೇವೆ. ಮೊಳೆ, ವೈರು ಎಲ್ಲ ಅಂಟಿಕೊಂಡು ಬರುತ್ತವೆ. ಆಯುಧ ಪೂಜೆಯ ಮಾರನೇ ದಿನ ಇದನ್ನು ಎರಡೆರಡು ಸಲ ಮಾಡುತ್ತೇವೆ. ಕಾಲೇಜಿನಲ್ಲಿ ಬಸ್ಸುಗಳ ಮುಂದೆ ಬೂದುಗುಂಬಳ ಒಡೆಯುತ್ತಾರೆ. ಅದರೊಳಗೆ ಕುಂಕುಮದ ಜೊತೆ ಹಾಕಿದ ಚಿಲ್ಲರೆ ಪಕ್ಕದ ಲಾನಿಗೆ ಸಿಡಿದಿರುತ್ತದೆ. ಮಕ್ಕಳು ಆರಿಸಿ ಬಿಟ್ಟಿದ್ದು ನಮಗೆ. ಹೋದ ವರ್ಷ ಒಂದು ನಾಣ್ಯ ಬ್ಲೇಡಿಗೆ ಸಿಕ್ಕಿ ಡೆಕ್ಕಿನ ತಗಡಿಗೆ ಒಳಗಿನಿಂದ ಗುಳಿ ಬಿತ್ತು.

ಇನ್ನು ಪ್ಲಗ್ಗಿನ ವಿಷಯ. ಡೆಕ್ಕಿನ ಕೆಳಗೆ ಕೈ ಹಾಕುವ ಮೊದಲು ಪ್ಲಗ್ಗಿನ ಕ್ಯಾಪ್ ಕೀಳಬೇಕು ಅಂತ ಹುಡುಗರಿಗೆ ಒಪ್ಪಿಸಲು ನನಗೆ ಬಹಳ ಕಷ್ಟವಾಯಿತು. "ಆಫ್ ಮಾಡಿದೀನಲ್ಲ ಅಣ್ಣಾ, ಬ್ಯಾಟ್ರಿನೂ ಇಲ್ಲ, ಕರೆಂಟ್ ಎಲ್ಲಿಂದ ಬರುತ್ತೆ?" ಅಂತ ಕೇಳುತ್ತಿದ್ದರು. ಕರೆಂಟು ಬರುವುದು ಎಂಜಿನ್ನಿನ ಜೊತೆ ತಿರುಗುವ ಭಾರದ ಚಕ್ರದ, ಅಂದರೆ ಫ್ಲೈವೀಲಿನ ಮ್ಯಾಗ್ನೆಟ್ಟಿನಿಂದ. ಎಂಜಿನ್ ತಿರುಗಿದರೆ ಸಾಕು, ಪ್ಲಗ್ಗಿನಲ್ಲಿ ಕಿಡಿ ಹುಟ್ಟುತ್ತದೆ. ಬ್ಲೇಡು ನೇರ ಕ್ರ್ಯಾಂಕಿಗೇ ಕೂತಿದೆ ಅಂದೆನಲ್ಲ, ಹಾಗಾಗಿ ಕೆಳಗೆ ಕೈ ಹಾಕಿ ಬ್ಲೇಡು ತಿರುಗಿಸುವುದೂ, ಮೇಲೆ ಹಗ್ಗ ಎಳೆಯುವುದೂ ಒಂದೇ. ಆಫ್ ಮಾಡಿದರೆ ಆ ಕರೆಂಟು ಪ್ಲಗ್ಗಿಗೆ ಹೋಗದೆ ಎಂಜಿನ್ನಿನ ಮೈಗೇ ಅರ್ಥ್ ಆಗಬೇಕು, ನಿಜ. ಆದರೆ ಸ್ವಿಚ್ಚಿನ ವೈರು ಕಳಚಿದ್ದರೆ? ಲಿವರಿಗೆ ಟ್ಯೂಬು ಕಟ್ಟಿದ್ದರೆ? ಬಾಯಿಮಾತಿಗೆ ಅವರು ಒಪ್ಪಲಿಲ್ಲ. ಒಂದು ದಿನ ಪ್ಲಗ್ ಬಿಚ್ಚಿ, ಅದನ್ನು ಕ್ಯಾಪಿಗೆ ಸಿಕ್ಕಿಸಿ ಎಂಜಿನ್ನಿನ ಕಬ್ಬಿಣಕ್ಕೆ ತಾಗಿಸಿ, ಪೆಟ್ರೋಲ್ ದೂರ ಇಟ್ಟು, ಲಿವರ್ ಒತ್ತಿ ಹಗ್ಗ ಎಳೆದು ತೋರಿಸಿದೆ. ನೀಲಿ ಕಿಡಿ ಚಟಚಟ ಹಾರಿತು. ಅವತ್ತಿನಿಂದ ಡೆಕ್ಕಿನ ಕೆಳಗೆ ಕೈ ಹೋಗುವ ಮೊದಲು ಪ್ಲಗ್ಗಿನ ಕ್ಯಾಪ್ ಕಿತ್ತು ಪಕ್ಕಕ್ಕಿರುತ್ತದೆ. ಹುಲ್ಲು ಕೆರೆಯಲು ಕೈಯಲ್ಲ, ಮರದ ಪಟ್ಟಿ.

ವಾಲಿಸುವುದರಲ್ಲೂ ಒಂದು ಕ್ರಮ ಇದೆ. ಏರ್ ಫಿಲ್ಟರ್, ಕಾರ್ಬೊರೇಟರ್ ಇರುವ ಕಡೆ ಮೇಲೆ ಬರಬೇಕು. ಉಲ್ಟಾ ವಾಲಿಸಿದರೆ ಎಂಜಿನ್ ಆಯಿಲ್ ಫಿಲ್ಟರಿಗೆ ಇಳಿಯುತ್ತದೆ. ಆಮೇಲೆ ಸುಲಭಕ್ಕೆ ಸ್ಟಾರ್ಟ್ ಆಗುವುದಿಲ್ಲ, ಹೇಗೋ ಸ್ಟಾರ್ಟ್ ಆದರೆ ಇಡೀ ಮಂಟಪಕ್ಕೆ ಬಿಳೀ ಹೊಗೆ. ಒಮ್ಮೆ ನಮ್ಮಿಂದ ಹಾಗಾಗಿ, ಅಡುಗೆ ಭಟ್ಟರು ಏನು ಸುಟ್ಟಿತೋ ಅಂತ ಹೊರಗೆ ಓಡಿ ಬಂದಿದ್ದರು.

ಬ್ಲೇಡು ಹದ ಮಾಡುವುದು ನನಗೆ ಇಷ್ಟದ ಕೆಲಸ. ಮೊಂಡಾಗಿದೆ ಅಂತ ಹುಲ್ಲೇ ಹೇಳುತ್ತದೆ: ಕತ್ತರಿಸಿದ ಎರಡು ದಿನಕ್ಕೆ ತುದಿಗಳು ಬೆಳ್ಳಗಾಗಿ ಲಾನೆಲ್ಲ ಬೂದಿ ಎರಚಿದ ಹಾಗೆ ಕಾಣುತ್ತದೆ. ಮೊಂಡು ಬ್ಲೇಡು ಕೊಯ್ಯುವುದಿಲ್ಲ, ಹರಿಯುತ್ತದೆ. ನಾವು ಸುಮಾರು 25 ಗಂಟೆ ಓಡಿಸಿದ ಮೇಲೆ ಬಿಚ್ಚುತ್ತೇವೆ. ಬಿಚ್ಚುವಾಗ ಬ್ಲೇಡು ತಿರುಗದ ಹಾಗೆ ಡೆಕ್ಕಿಗೂ ಅದಕ್ಕೂ ಮಧ್ಯೆ ಮರದ ತುಂಡು, ಕೈಗೆ ದಪ್ಪ ಗ್ಲೌಸು. ಗ್ರೈಂಡರ್ ಹಚ್ಚಿದರೆ ಅಂಚು ನೀಲಿಯಾಗುವಷ್ಟು ಬಿಸಿ ಮಾಡಬಾರದು, ಉಕ್ಕು ಮೆತ್ತಗಾಗುತ್ತದೆ. ನಾನು ಅರದಲ್ಲೇ ಉಜ್ಜುತ್ತೇನೆ. ಮೊದಲಿದ್ದ ಓರೆ ಬದಲಾಗಬಾರದು. ಕುಡುಗೋಲಿನಷ್ಟು ಚೂಪು ಬೇಡ, ಅಂಥ ಅಂಚು ಮೊದಲ ಹರಳಿಗೇ ಮುರಿಯುತ್ತದೆ.

ಆಮೇಲೆ ತೂಕ. ಗೋಡೆಯ ಮೊಳೆಗೆ ಬ್ಲೇಡಿನ ನಡುವಿನ ತೂತು ಸಿಕ್ಕಿಸಿ ಅಡ್ಡ ಬಿಡಬೇಕು, ತಕ್ಕಡಿಯ ಹಾಗೆ. ಯಾವ ಕಡೆ ಬಾಗುತ್ತದೋ ಆ ಕಡೆ ಇನ್ನೊಂದಿಷ್ಟು ಉಜ್ಜಬೇಕು, ಎರಡೂ ಸಮ ನಿಲ್ಲುವ ತನಕ. ಸಮ ಇಲ್ಲದಿದ್ದರೆ ಆ ಅಲುಗಾಟ ಬೇರಿಂಗನ್ನೂ ತಿನ್ನುತ್ತದೆ, ನಮ್ಮ ಕೈಯನ್ನೂ. ವಾಪಸ್ ಕೂರಿಸುವಾಗ ಮಡಿಚಿದ ರೆಕ್ಕೆಗಳು ಡೆಕ್ಕಿನ ಕಡೆ ಇರಬೇಕು. ನಮ್ಮ ಹುಡುಗ ಒಮ್ಮೆ ತಲೆಕೆಳಗಾಗಿ ಕೂರಿಸಿ, "ಹೊಸಾ ಹದ, ಆದ್ರೂ ಕೊಯ್ತಿಲ್ಲ" ಅಂತ ಅರ್ಧ ದಿನ ಓಡಿಸಿದ್ದ. ಬೋಲ್ಟು ಮಷೀನಿನ ಪುಸ್ತಕದಲ್ಲಿ ಹೇಳಿದಷ್ಟು ಬಿಗಿ. ಬಿರುಕು ಬಿಟ್ಟ, ಬಾಗಿದ ಬ್ಲೇಡನ್ನು ಬಡಿದು ನೆಟ್ಟಗೆ ಮಾಡುವುದು, ವೆಲ್ಡಿಂಗ್ ಹೊಡೆಸುವುದು ನಮ್ಮಲ್ಲಿಲ್ಲ. ವೆಲ್ಡಿಂಗ್ ಬಿಟ್ಟುಕೊಂಡ ತುಂಡು ಎಲ್ಲಿಗೆ ಹಾರುತ್ತದೆ ಅಂತ ಯಾರಿಗೆ ಗೊತ್ತು?

ಪೆಟ್ರೋಲಿನ ಕ್ಯಾನುಗಳು ನಮ್ಮಲ್ಲಿ ಎರಡು. ಮೋವರ್ ಫೋರ್ ಸ್ಟ್ರೋಕ್, ಅದಕ್ಕೆ ಸಾದಾ ಪೆಟ್ರೋಲ್, ಆಯಿಲ್ ಬೇರೆ. ಬ್ರಶ್ ಕಟರ್ ಟು ಸ್ಟ್ರೋಕ್, ಲೀಟರಿಗೆ 25 ಮಿಲಿ ಆಯಿಲ್ ಬೆರೆಸುತ್ತೇವೆ. ಒಂದು ಸಲ ಕಟರಿಗೆ ಸಾದಾ ಪೆಟ್ರೋಲ್ ಬಿದ್ದು ಪಿಸ್ಟನ್ ಹಿಡಿದುಕೊಂಡಿತು. ಆಮೇಲೆ ಮಿಕ್ಸ್ ಕ್ಯಾನಿಗೆ ಕೆಂಪು ಪೇಂಟ್ ಹೊಡೆದೆ. ಎಂಜಿನ್ ಆರುವ ತನಕ ಟ್ಯಾಂಕಿನ ಮುಚ್ಚಳ ತೆಗೆಯುವುದಿಲ್ಲ, ತುಂಬಿಸುವುದು ಸಿಮೆಂಟ್ ನೆಲದಲ್ಲಿ. ಲಾನಿನ ಮೇಲೆ ಚೆಲ್ಲಿದರೆ ಆ ಜಾಗದ ಹುಲ್ಲು ಸತ್ತು, ತಟ್ಟೆಯಗಲ ಕಂದು ಕಲೆ ಎದ್ದು ಕಾಣುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ನೀರು ಎಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಕೆಲಸ ಕಮ್ಮಿಯಾಗಿ ಮಷೀನು ಒಂದು ತಿಂಗಳು ನಿಲ್ಲುವುದಿದ್ದರೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬೊರೇಟರಿನಲ್ಲಿ ಉಳಿದಿದ್ದು ಮುಗಿದು ತಾನಾಗಿ ನಿಲ್ಲುವ ತನಕ ಓಡಿಸುತ್ತೇನೆ. ಆಯಿಲ್ 100 ಗಂಟೆಗೊಮ್ಮೆ ಅಥವಾ ಆರು ತಿಂಗಳಿಗೊಮ್ಮೆ, ಯಾವುದು ಮೊದಲೋ ಅದು. ಏರ್ ಫಿಲ್ಟರ್ ಮಾತ್ರ ಬೇಸಿಗೆಯ ಧೂಳಿನಲ್ಲಿ ವಾರಕ್ಕೊಮ್ಮೆ ತಟ್ಟಿ ಕೊಡವಲೇಬೇಕು.

ಎತ್ತರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೂರಿಂಚು ಬೆಳೆದಿದ್ದರೆ ಒಂದಿಂಚು ತೆಗೆಯಿರಿ, ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬೇಡ. ಮಂಟಪದಲ್ಲಿರುವುದು ಬರ್ಮುಡಾ, ಅಂದರೆ ನಮ್ಮ ಗರಿಕೆಯದೇ ಜಾತಿ, ಗಿಡ್ಡ ಕತ್ತರಿಸಿದರೂ ತಡೆಯುತ್ತದೆ. ಕಾಲೇಜಿನ ಅಗಲ ಎಲೆಯ ಕಾರ್ಪೆಟ್ ಹುಲ್ಲಿಗೆ ಅದು ಆಗುವುದಿಲ್ಲ, ಎರಡಿಂಚಾದರೂ ಬಿಡಬೇಕು.

ಹೋದ ವಾರ ಮಂಟಪದಲ್ಲಿ ಬಕೆಟ್ಟಿಗೆ ಬಿದ್ದಿದ್ದು ಹದಿನಾಲ್ಕು ಮೊಳೆ, ಒಂದು ಗೂಟ, ಒಂದು ಕಾಲುಂಗುರ. ಮ್ಯಾಗ್ನೆಟ್ಟಿಗೆ ಬೆಳ್ಳಿ ಅಂಟುವುದಿಲ್ಲ, ಅದು ಹುಡುಗನ ಕಣ್ಣಿಗೆ ಬಿದ್ದಿದ್ದು. ಆಫೀಸಿಗೆ ಕೊಟ್ಟೆವು. ಮ್ಯಾನೇಜರ್ ಮದುವೆ ಮನೆಯವರಿಗೆ ಫೋನ್ ಮಾಡಿದರೆ, "ಇನ್ನೊಂದೂ ಅಲ್ಲೇ ಬಿದ್ದಿರಬೇಕು, ಸ್ವಲ್ಪ ನೋಡಿ ಸಾರ್" ಅಂದರಂತೆ. ಎರಡು ಸಲ ಹುಡುಕಿದೆವು, ಸಿಕ್ಕಿಲ್ಲ. ಸ್ಟೇಜಿನ ಎಡಗಡೆಯ ಆ ಮೂಲೆಯನ್ನು ಸದ್ಯಕ್ಕೆ ಕೈ ಕತ್ತರಿಯಲ್ಲೇ ಕತ್ತರಿಸುತ್ತಿದ್ದೇವೆ.